ಭಯೋತ್ಪಾದಕರ ಉದ್ದೇಶ ವಿವರಿಸಿದ ಮೇಲೆ ‘ಆದ್ದರಿಂದ’ ಅನ್ನಬೇಡಿ

‘9/11ಕ್ಕೆ ಅಮೆರಿಕ ಮಾಡಿದ ಸೈನಿಕ ಪ್ರತೀಕಾರ ನ್ಯಾಯಸಮ್ಮತ’ ಅನ್ನುವ ವಿಷಯಕ್ಕೆ ವಿರೋಧವಾಗಿ ಮಾತಾಡಬೇಕು, ಅಲ್ ಖೈದಾ ಯಾಕೆ ಹಾಗೆ ಮಾಡಿತು ಅನ್ನುವುದರಿಂದ ಶುರು ಮಾಡಲೇ ಎಂದು ಕೇಳಿದ್ದೀರಿ. ಬೇಡ. 2001ರ ಕೊನೆಯಲ್ಲಿ, ಅಫ್ಘಾನಿಸ್ತಾನದ ಮೇಲೆ ಇನ್ನೂ ಬಾಂಬ್ ಬೀಳುತ್ತಿದ್ದಾಗ, ಒಂದು ಪರ್ಯಾಯ ಪಾರಿತೋಷಕ ಚರ್ಚೆಯಲ್ಲಿ ಇದೇ ವಿಷಯಕ್ಕೆ ಇದೇ ಪಕ್ಷದಲ್ಲಿ ನಿಂತು ನಾನು ಹಾಗೇ ಶುರು ಮಾಡಿದ್ದೆ. ಕೊಟ್ಟ ಐದು ನಿಮಿಷದಲ್ಲಿ ಮೂರೂವರೆ ನಿಮಿಷ ಸೌದಿ ಅರೇಬಿಯದಲ್ಲಿದ್ದ ಅಮೆರಿಕದ ಸೈನ್ಯ, ಇರಾಕ್ ಮೇಲಿನ ನಿರ್ಬಂಧ, ಪ್ಯಾಲೆಸ್ತೀನ್. ಕೊನೆಗೆ ‘ಆದ್ದರಿಂದ ಈ ಪ್ರತೀಕಾರ ನ್ಯಾಯವಲ್ಲ’ ಎಂದೆ. ಎದುರು ಪಕ್ಷದ ಹುಡುಗಿ ಎದ್ದು ಒಂದೇ ಮಾತು ಕೇಳಿದಳು: ‘ನೈರೋಬಿಯಲ್ಲಿ ಸತ್ತ ಕೆನ್ಯಾದವರು ಯಾವ ದೇಶಕ್ಕೆ ಸೈನ್ಯ ಕಳಿಸಿದ್ದರು?’ ಪಾರಿತೋಷಕ ಅಲ್ಲಿಗೆ ಕೈಬಿಟ್ಟಿತು.

ಅವಳು ಹೇಳಿದ್ದು 1998ರ ಆಗಸ್ಟ್ 7ರ ಘಟನೆ. ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕನ್ ರಾಯಭಾರ ಕಚೇರಿಗಳ ಮುಂದೆ ಅಲ್ ಖೈದಾ ಲಾರಿ ಬಾಂಬ್ ಸಿಡಿಸಿತು. ಸತ್ತವರು 224 ಮಂದಿ, ಅವರಲ್ಲಿ ಅಮೆರಿಕನ್ನರು 12. ಉಳಿದವರಲ್ಲಿ ಹೆಚ್ಚಿನವರು ಅಂದು ಅಲ್ಲಿ ಕೆಲಸಕ್ಕೆ ಬಂದಿದ್ದ, ರಸ್ತೆಯಲ್ಲಿ ಹೋಗುತ್ತಿದ್ದ ಕೆನ್ಯಾದ ಜನ.

ನಾನು ಕೊಟ್ಟ ಮಾಹಿತಿಯಲ್ಲಿ ಒಂದೂ ಸುಳ್ಳಿರಲಿಲ್ಲ. ತಪ್ಪು ಇದ್ದದ್ದು ‘ಆದ್ದರಿಂದ’ ಅನ್ನುವ ಪದದಲ್ಲಿ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಪದ ಅಡಗಿ ಕೂತಿದೆ.

ಇಬ್ಬರ ನಡುವೆ ಬದುವಿನ ಜಗಳ ಅಂದುಕೊಳ್ಳಿ. ಒಬ್ಬ ಬದು ಒತ್ತಿದ, ಇನ್ನೊಬ್ಬ ರಾತ್ರಿ ಬಂದು ಬಣವೆಗೆ ಬೆಂಕಿ ಇಟ್ಟ. ಒತ್ತುವರಿ ನಿಜ, ಅದರ ತೀರ್ಮಾನ ಸರ್ವೆಯವರ ಮುಂದೆ ಆಗಬೇಕು. ಬೆಂಕಿ ಇಟ್ಟದ್ದು ಅಪರಾಧ, ಒತ್ತುವರಿ ನಿಜವಾದ ಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ. ಬೆಂಕಿ ಆರಿಸಿ, ಮತ್ತೆ ಹಚ್ಚಲು ಬರುವವನನ್ನು ತಡೆಯುವ ಹಕ್ಕು ಬದು ಒತ್ತಿದವನಿಗೂ ಇದೆ. ಆದರೆ ಆ ಹಕ್ಕಿನ ನೆಪದಲ್ಲಿ ಅವನು ಪಕ್ಕದವನ ಮನೆಗೇ ಕೊಳ್ಳಿ ಇಟ್ಟರೆ ಅದು ಬೇರೆಯದೇ ಅಪರಾಧ. ಈ ನಾಲ್ಕಕ್ಕೂ ಬೇರೆ ಬೇರೆ ಲೆಕ್ಕ. ನಾನು ಮೊದಲನೆಯದನ್ನು ಹೇಳಿ ನೇರ ನಾಲ್ಕನೆಯದಕ್ಕೆ ಹಾರಿದ್ದೆ. ಹಾಗೆ ಹಾರಿದಾಗ ಕೇಳುವವರ ಕಿವಿಗೆ ಎರಡನೆಯದನ್ನು ಮನ್ನಿಸಿದ ಹಾಗೆ ಕೇಳಿಸುತ್ತದೆ. ‘ನಾನು ಸಮರ್ಥಿಸುತ್ತಿಲ್ಲ’ ಎಂದು ಆಮೇಲೆ ಎಷ್ಟು ಸಲ ಹೇಳಿದರೂ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ವಾದದ ಕಟ್ಟಡವೇ ಸಮರ್ಥನೆಯದ್ದು.

ಉದ್ದೇಶ ಅನ್ನುವುದೂ ಒಂದೇ ಪದರದ್ದಲ್ಲ. ಅಲ್ ಖೈದಾ ನಾಯಕ ಬಿನ್ ಲಾಡೆನ್ ಮತ್ತು ಸಂಗಡಿಗರು 1998ರ ಫೆಬ್ರವರಿ 23ರಂದು ಹೊರಡಿಸಿದ ಹೇಳಿಕೆಯಲ್ಲಿ ಮೂರು ದೂರುಗಳಿವೆ: ಅರಬ್ ಪರ್ಯಾಯದ್ವೀಪದಲ್ಲಿ ಅಮೆರಿಕದ ಸೈನ್ಯ, ಇರಾಕಿಗರ ಸಂಕಟ, ಜೆರುಸಲೇಂ ಮೇಲೆ ಇಸ್ರೇಲಿನ ಹಿಡಿತ. ಅದೇ ಹೇಳಿಕೆ ಸೈನಿಕರೋ ನಾಗರಿಕರೋ ನೋಡದೆ ಅಮೆರಿಕನ್ನರನ್ನು ಸಿಕ್ಕಲ್ಲಿ ಕೊಲ್ಲಬೇಕು ಎನ್ನುತ್ತದೆ. ಬರೀ ದೂರುಗಳನ್ನು ಓದಿ ಆ ಆಜ್ಞೆಯನ್ನು ಬಿಟ್ಟರೆ ಅರ್ಧ ದಾಖಲೆ ಓದಿದಂತೆ. ಇದು ನಾಯಕರು ಹೇಳಿಕೊಂಡ ಕಾರಣ. ಕೈಯಾರೆ ಕೊಂದವರದ್ದು ಬೇರೆ ಪದರ. 9/11ರ ವಿಮಾನಗಳ 19 ಅಪಹರಣಕಾರರಲ್ಲಿ 15 ಮಂದಿ ಸೌದಿಗಳು. ಮುಂದಾಳು ಮೊಹಮ್ಮದ್ ಅಟ್ಟಾ ಈಜಿಪ್ಟಿನವನು, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಗರ ಯೋಜನೆ ಓದಿದವನು. ಬಡತನದಿಂದ ಭಯೋತ್ಪಾದನೆ ಅನ್ನುವ ಸಾಲನ್ನು ವೇದಿಕೆ ಮೇಲೆ ಹೇಳಿದರೆ ಈ ಒಂದು ಹೆಸರು ಸಾಕು ನಿಮ್ಮನ್ನು ಕೆಡವಲು. ‘ಸೈನ್ಯ ತೆಗೆದಿದ್ದರೆ ನಿಲ್ಲುತ್ತಿತ್ತು’ ಅನ್ನುವುದೂ ಅಷ್ಟೇ ಅಪಾಯ. ಅಮೆರಿಕ 2003ರಲ್ಲಿ ಸೌದಿಯಿಂದ ತನ್ನ ಪಡೆಗಳನ್ನು ಬಹುಪಾಲು ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ರಿಯಾದ್‌ನ ಒಂದು ವಸತಿ ಸಂಕೀರ್ಣದ ಮೇಲೆ ಅಲ್ ಖೈದಾ ದಾಳಿಯಾಯಿತು. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಅರಬರು.

ಈಗ ನಿಮ್ಮ ವಿಷಯದ ಪದಕ್ಕೆ ಬರುತ್ತೇನೆ. ‘ಪ್ರತೀಕಾರ ನ್ಯಾಯವೇ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಂದಿನ ಅಂತರರಾಷ್ಟ್ರೀಯ ಕಾನೂನಿನಲ್ಲಿ ಆ ಹೆಸರಿನ ಹಕ್ಕು ಯಾವ ದೇಶಕ್ಕೂ ಇಲ್ಲ. ಸೇಡಿನ ಸೈನಿಕ ಕ್ರಮ ವಿಶ್ವಸಂಸ್ಥೆಯ ಉದ್ದೇಶಗಳಿಗೆ ಹೊಂದುವುದಿಲ್ಲ ಎಂದು ಭದ್ರತಾ ಮಂಡಳಿ 1964ರಲ್ಲೇ 188ನೇ ನಿರ್ಣಯದಲ್ಲಿ ಹೇಳಿತು. ಯೆಮೆನ್ ಗಡಿಯಲ್ಲಿ ಬ್ರಿಟನ್ ಮಾಡಿದ್ದ ದಾಳಿಯ ಸಂದರ್ಭ ಅದು. 1970ರ ಮಹಾಸಭೆಯ ಘೋಷಣೆಯೂ ಅದನ್ನೇ ಹೇಳುತ್ತದೆ. ಭದ್ರತಾ ಮಂಡಳಿಯ ಅನುಮತಿ ಬಿಟ್ಟರೆ ಇರುವುದು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯ ಆತ್ಮರಕ್ಷಣೆ ಮಾತ್ರ. ಪ್ರತೀಕಾರ ಆಗಿಹೋದದ್ದಕ್ಕೆ ಲೆಕ್ಕ ಚುಕ್ತಾ ಮಾಡುವುದು. ಆತ್ಮರಕ್ಷಣೆ ಮುಂದೆ ಆಗುವುದನ್ನು ತಡೆಯುವುದು. ಸರ್ಕಾರಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ನಮ್ಮದೇ ಹೇಳಿಕೆಗಳನ್ನು ನೋಡಿ. 2016ರ ಸೆಪ್ಟೆಂಬರ್ 29ರಂದು ಸೇನೆ ಹೇಳಿದ್ದು, ನುಸುಳಲು ಸಜ್ಜಾಗಿದ್ದ ತಂಡಗಳ ಲಾಂಚ್ ಪ್ಯಾಡ್‌ಗಳ ಮೇಲೆ ದಾಳಿ ಎಂದು. 2019ರ ಬಾಲಾಕೋಟ್ ದಾಳಿಗೆ ಇಟ್ಟ ಹೆಸರು ‘ಸೇನೇತರ ಮುಂಜಾಗ್ರತಾ ಕ್ರಮ’. 2025ರ ಮೇ 7ರಂದು ಪಹಲ್ಗಾಮ್ ನಂತರದ ಆಪರೇಷನ್ ಸಿಂಧೂರದ ವಿವರಣೆಯಲ್ಲೂ ಪ್ರತಿಕ್ರಿಯೆಯ ಜೊತೆಗೇ ಮುಂದಿನ ದಾಳಿ ತಡೆಯುವ ಮಾತಿತ್ತು. ಚುನಾವಣಾ ಭಾಷಣದಲ್ಲಿ ಸೇಡು ಎಂದರೂ ಅಧಿಕೃತ ಕಾಗದದಲ್ಲಿ ಆ ಪದ ಬರುವುದಿಲ್ಲ. ನೀವು ಕಾಗದವನ್ನು ಹಿಡಿದು ಮಾತಾಡಿ.

ಅಮೆರಿಕದ ವಿಷಯದಲ್ಲಿ ಓದಲೇಬೇಕಾದ ಕಾಗದಗಳು ಐದು. ಮೊದಲನೆಯದು ಭದ್ರತಾ ಮಂಡಳಿಯ 1267ನೇ ನಿರ್ಣಯ, 1999ರ ಅಕ್ಟೋಬರ್ 15ರದ್ದು. ಬಿನ್ ಲಾಡೆನ್‌ನನ್ನು ಒಪ್ಪಿಸಿ ಎಂದು ಆಗ ಅಫ್ಘಾನಿಸ್ತಾನವನ್ನು ಆಳುತ್ತಿದ್ದ ತಾಲಿಬಾನ್‌ಗೆ ಅದು ಹೇಳಿತ್ತು. ಎರಡನೆಯದು 2000ದ ಡಿಸೆಂಬರ್‌ನ 1333, ತರಬೇತಿ ಶಿಬಿರ ಮುಚ್ಚಿ ಎಂದದ್ದು. 9/11ಕ್ಕೂ ಮೊದಲೇ ಇವೆರಡು ಇದ್ದವು ಅನ್ನುವುದು ನಿಮ್ಮ ಎದುರಾಳಿಯ ಅತಿ ಗಟ್ಟಿ ಅಂಶ. ಹಾಗಾಗಿ ಅವರಿಗಿಂತ ಮೊದಲು ನೀವೇ ಹೇಳಿಬಿಡಿ. ಮೂರನೆಯದು 2001ರ ಸೆಪ್ಟೆಂಬರ್ 12ರ 1368. ಇದನ್ನು ಹಿಡಿದು ‘ವಿಶ್ವಸಂಸ್ಥೆ ಯುದ್ಧಕ್ಕೆ ಅನುಮತಿ ಕೊಟ್ಟಿತು’ ಎಂದು ಎದುರು ಪಕ್ಷ ಖಂಡಿತ ಹೇಳುತ್ತದೆ. ಕೊಟ್ಟಿಲ್ಲ. ಪೀಠಿಕೆಯಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಗುರುತಿಸಿತು ಅಷ್ಟೇ, ಇಂಥ ದೇಶದ ಮೇಲೆ ಬಲ ಬಳಸಿ ಎಂಬ ಅಧಿಕಾರ ಅದರಲ್ಲಿಲ್ಲ. ನಾಲ್ಕನೆಯದು ಅಮೆರಿಕನ್ ಕಾಂಗ್ರೆಸ್ಸಿನ ಬಲಬಳಕೆ ಅನುಮತಿ, ಸೆಪ್ಟೆಂಬರ್ 18ರಂದು ಸಹಿಯಾದದ್ದು. ಸೆನೆಟ್‌ನಲ್ಲಿ 98-0, ಕೆಳಮನೆಯಲ್ಲಿ 420-1. ವಿರೋಧಿಸಿದ ಆ ಒಬ್ಬರು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ. ಆ ಕಾನೂನಿನಲ್ಲಿ ದೇಶದ ಹೆಸರಿಲ್ಲ, ಮುಗಿಯುವ ದಿನಾಂಕವಿಲ್ಲ. ಐದನೆಯದು ಅಕ್ಟೋಬರ್ 7ರಂದು, ಬಾಂಬ್ ದಾಳಿ ಶುರುವಾದ ದಿನವೇ, ಅಮೆರಿಕ ಭದ್ರತಾ ಮಂಡಳಿಗೆ ಬರೆದ ಪತ್ರ. ಆತ್ಮರಕ್ಷಣೆಗಾಗಿ ಬೇರೆ ಸಂಘಟನೆಗಳ, ಬೇರೆ ದೇಶಗಳ ವಿರುದ್ಧವೂ ಕ್ರಮ ಬೇಕಾಗಬಹುದು ಎಂದು ಅದರಲ್ಲಿದೆ.

ನಿಮ್ಮ ವಾದದ ಜೀವ ಇರುವುದು ಈ ಕೊನೆಯ ಎರಡು ಕಾಗದಗಳಲ್ಲಿ. ಅಕ್ಟೋಬರ್ 7ರಂದು ಶಿಬಿರಗಳ ಮೇಲೆ ದಾಳಿ ಮಾಡಿದ್ದೇ ತಪ್ಪು ಎಂದು ವಾದಿಸಲು ಹೋಗಬೇಡಿ. 2,977 ಜನ ಸತ್ತಿದ್ದರು, ಮಾಡಿಸಿದವನು ಯಾವ ದೇಶದಲ್ಲಿದ್ದಾನೆಂದು ಗೊತ್ತಿತ್ತು, ಆಶ್ರಯ ಕೊಟ್ಟವರು ಮೊದಲಿನಿಂದಲೂ ಒಪ್ಪಿಸಿರಲಿಲ್ಲ. ಅಲ್ಲಿ ನೀವು ಸೋಲುತ್ತೀರಿ, ಸೋಲಬೇಕಾದದ್ದೂ ಸರಿ ಎಂಬುದು ನನ್ನ ಅಭಿಪ್ರಾಯ. ಗಡಿ ಮತ್ತು ಗಡುವು ಇಲ್ಲದ ಅನುಮತಿಯನ್ನು ಹಿಡಿಯಿರಿ. 2001ರ ಡಿಸೆಂಬರ್‌ನಲ್ಲಿ ತೋರಾ ಬೋರಾ ಬೆಟ್ಟಗಳಲ್ಲಿ ಬಿನ್ ಲಾಡೆನ್ ಇದ್ದಾಗ ನೆಲದ ಮೇಲಿದ್ದ ಅಮೆರಿಕನ್ ಕಮಾಂಡೊಗಳು ನೂರಕ್ಕಿಂತ ಕಡಿಮೆ, ಉಳಿದ ಕೆಲಸ ಸ್ಥಳೀಯ ಅಫ್ಘನ್ ಪಡೆಗಳ ಮೇಲೆ. ಅವನು ತಪ್ಪಿಸಿಕೊಂಡ. ಸಿಕ್ಕಿ ಸತ್ತದ್ದು 2011ರ ಮೇ 2ರಂದು ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ. ಅಮೆರಿಕದ ಸೈನ್ಯ ಕಾಬೂಲ್ ಬಿಟ್ಟದ್ದು 2021ರ ಆಗಸ್ಟ್ 30ರಂದು, ಅದೇ ತಾಲಿಬಾನ್ ಕೈಗೆ. ಯಾರಿಂದ ರಕ್ಷಣೆ ಬೇಕಿತ್ತೋ ಅವನನ್ನು ಹಿಡಿಯಲು ಸಾಲದಷ್ಟು ಜನ, ಬೇರೆ ಗುರಿಗಳಿಗೆ ಇಪ್ಪತ್ತು ವರ್ಷ. ಇದನ್ನು ಆತ್ಮರಕ್ಷಣೆ ಎಂದು ಎಲ್ಲಿಯವರೆಗೆ ಕರೆಯಬಹುದು ಎಂದು ಕೇಳಿ. ಇರಾಕನ್ನು ಮಾತ್ರ ಇದಕ್ಕೆ ಅಂಟಿಸಬೇಡಿ. 2003ರ ಯುದ್ಧಕ್ಕೆ ಅಮೆರಿಕ ಕೊಟ್ಟ ಕಾನೂನು ಕಾರಣ ಇರಾಕ್ ಬಗೆಗಿನ ಭದ್ರತಾ ಮಂಡಳಿಯ ಹಳೆಯ ನಿರ್ಣಯಗಳು ಮತ್ತು 1441ನೇ ನಿರ್ಣಯ. ಎರಡನ್ನೂ ಬೆರೆಸಿದರೆ ತಿಳಿದ ತೀರ್ಪುಗಾರರು ಅಂಕ ಕಡಿಯುತ್ತಾರೆ.

ಮಾಹಿತಿ ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ 1998ರ ಆಗಸ್ಟ್ 20 ಇಟ್ಟುಕೊಳ್ಳಿ. ನೈರೋಬಿ ನಂತರ ಕ್ಲಿಂಟನ್ ಸರ್ಕಾರ ಅಫ್ಘಾನಿಸ್ತಾನದ ಶಿಬಿರಗಳ ಮೇಲೂ ಸುಡಾನಿನ ಖಾರ್ತೂಮ್‌ನ ಅಲ್ ಶಿಫಾ ಔಷಧ ಕಾರ್ಖಾನೆಯ ಮೇಲೂ ಕ್ರೂಸ್ ಕ್ಷಿಪಣಿ ಬಿಟ್ಟಿತು. ಕಾರ್ಖಾನೆ ನರವಿಷದ ಕಚ್ಚಾವಸ್ತು ಮಾಡುತ್ತಿದೆ ಎಂಬ ನಂಬಿಕೆಗೆ ಮುಖ್ಯ ಆಧಾರ ಒಂದು ಮಣ್ಣಿನ ಮಾದರಿ. ಆ ಆರೋಪ ಆಮೇಲೆ ರುಜುವಾತಾಗಲಿಲ್ಲ.

ಪ್ರಮಾಣಬದ್ಧತೆಯ, ಅಂದರೆ ಬಳಸಿದ ಬಲ ಮಿತಿಯಲ್ಲಿತ್ತೇ ಅನ್ನುವ ಮಾತು ಬಂದಾಗ ಹೆಣದ ಲೆಕ್ಕ ಹಾಕಬೇಡಿ. ‘ಅವರ ಕಡೆ ಮೂರು ಸಾವಿರ, ಇವರ ಕಡೆ ಇಷ್ಟು ಸಾವಿರ’ ಅನ್ನುವುದು ಕಾನೂನಿನ ಅಳತೆಯಲ್ಲ. ಎರಡು ಅಳತೆಗಳಿವೆ. ಯುದ್ಧಕ್ಕೆ ಹೋಗುವಾಗ: ದಾಳಿ ನಿಲ್ಲಿಸಲು ಬೇಕಾದಷ್ಟೇ ಬಲವೇ? ಪ್ರತಿ ದಾಳಿಯಲ್ಲಿ: ನಿರೀಕ್ಷಿಸಿದ ನೇರ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರ ಹಾನಿ ಮಿತಿಮೀರಿದೆಯೇ? ಅಫ್ಘಾನಿಸ್ತಾನದಲ್ಲಿ ವಿಶ್ವಸಂಸ್ಥೆ 2009ರಿಂದ ವ್ಯವಸ್ಥಿತವಾಗಿ ಎಣಿಸಿದ ನಾಗರಿಕ ಹಾನಿ ಒಂದು ದಶಕದಲ್ಲಿ ಒಂದು ಲಕ್ಷ ದಾಟಿತು. ಆದರೆ ಅದು ಸತ್ತವರು, ಗಾಯಗೊಂಡವರು ಇಬ್ಬರನ್ನೂ ಸೇರಿಸಿದ ಸಂಖ್ಯೆ, ಹೆಚ್ಚಿನ ಪಾಲು ತಾಲಿಬಾನ್ ಮತ್ತಿತರ ಸರ್ಕಾರ ವಿರೋಧಿ ಗುಂಪುಗಳದ್ದು. ‘ಅಮೆರಿಕ ಒಂದು ಲಕ್ಷ ಜನರನ್ನು ಕೊಂದಿತು’ ಎಂದು ಇದನ್ನು ಹೇಳುವವರನ್ನು ತುಂಬ ನೋಡಿದ್ದೇನೆ.

ಹಾಗಾದರೆ ಉದ್ದೇಶಕ್ಕೆ ಜಾಗವೇ ಇಲ್ಲವೇ? ಇದೆ. ಹೊಡೆಯುವ ಹಕ್ಕಿದೆಯೇ ಅನ್ನುವಲ್ಲಲ್ಲ, ಹೇಗೆ ಹೊಡೆದರೆ ಭಯೋತ್ಪಾದಕನಿಗೇ ಅನುಕೂಲ ಅನ್ನುವಲ್ಲಿ. 2004ರ ವಿಡಿಯೋದಲ್ಲಿ ಬಿನ್ ಲಾಡೆನ್ ಬಾಯಿಬಿಟ್ಟೇ ಹೇಳಿದ: ಅಮೆರಿಕವನ್ನು ದಿವಾಳಿಯಾಗುವವರೆಗೆ ರಕ್ತ ಸುರಿಸುವಂತೆ ಮಾಡುವುದು ತಮ್ಮ ದಾರಿ ಎಂದು. 9/11ಕ್ಕೆ ಅವರು ಹಾಕಿದ ಖರ್ಚು ಸುಮಾರು 4ರಿಂದ 5 ಲಕ್ಷ ಡಾಲರ್. ಎದುರಾಳಿಗೆ ಬೇಕಾದದ್ದೇ ದೊಡ್ಡ, ಮುಗಿಯದ ಯುದ್ಧ ಎಂದಾದರೆ, ಅದನ್ನೇ ಅವನ ಕೈಗೆ ಕೊಟ್ಟದ್ದು ಅವಿವೇಕ. ಉದ್ದೇಶವನ್ನು ಇಲ್ಲಿ ತಂದರೆ ಅದು ಕೊಲೆಗಾರನ ಪರ ವಕಾಲತ್ತು ಅನ್ನಿಸುವುದಿಲ್ಲ.

ನಮ್ಮ ನೆನಪಿನಲ್ಲೇ ಒಂದು ಉದಾಹರಣೆ ಇದೆ. ರಾಜೀವ್ ಗಾಂಧಿ ಹತ್ಯೆಯ ಹಿಂದಿನ ಕಾರಣ ಎಲ್ಲರಿಗೂ ಗೊತ್ತು: ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಕಳಿಸಿದ್ದು, ಮತ್ತೆ ಅಧಿಕಾರಕ್ಕೆ ಬಂದರೆ ಇನ್ನೊಮ್ಮೆ ಕಳಿಸಬಹುದೆಂಬ, ಅಲ್ಲಿನ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಭಯ. ಆ ಪಡೆಯನ್ನು ಕಳಿಸಿದ್ದೇ ತಪ್ಪು ಎಂದವರು ದೇಶದಲ್ಲಿ ಬಹಳ ಮಂದಿ ಇದ್ದರು, ಹಾಗೆಂದು ಹಂತಕರನ್ನು ಹಿಡಿಯುವುದನ್ನು ದೇಶ ಬಿಡಲಿಲ್ಲ. ಜಾಫ್ನಾ ಮೇಲೆ ಬಾಂಬ್ ಹಾಕಿ ಎಂಬ ದಾರಿಯನ್ನೂ ಭಾರತ ಹಿಡಿಯಲಿಲ್ಲ. ಕರ್ನಾಟಕ ಕೇಡರ್‌ನ ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತನಿಖಾ ತಂಡ ಬೆನ್ನುಹತ್ತಿತು. 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಹತ್ಯೆ ತಂಡದ ಮುಂದಾಳು ಶಿವರಾಸನ್ ಮತ್ತು ಸಂಗಡಿಗರು ಹೆಣವಾಗಿ ಸಿಕ್ಕರು. 1992ರಲ್ಲಿ ಸಂಘಟನೆ ನಿಷೇಧವಾಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ಏಳು ಮಂದಿಯ ಕೊಲೆ ಸಂಚಿನ ಅಪರಾಧವನ್ನು ಎತ್ತಿಹಿಡಿದರೂ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ಅಡಿಯ ಶಿಕ್ಷೆಗಳನ್ನು ರದ್ದು ಮಾಡಿತು: ಗುರಿ ರಾಜೀವ್ ಒಬ್ಬರೇ, ಸರ್ಕಾರವನ್ನೋ ಜನರನ್ನೋ ಬೆದರಿಸುವ ಉದ್ದೇಶ ಸಾಬೀತಾಗಿಲ್ಲ ಎಂದು. ನ್ಯಾಯಾಲಯದಲ್ಲಿ ಉದ್ದೇಶ ಅಷ್ಟು ನಿಖರವಾಗಿ ಕೆಲಸ ಮಾಡುತ್ತದೆ: ಯಾವ ಅಪರಾಧ ಎಂದು ಅದು ತೀರ್ಮಾನಿಸುತ್ತದೆ, ಅಪರಾಧವನ್ನು ಅಳಿಸುವುದಿಲ್ಲ. ‘ಯುದ್ಧವಲ್ಲದೆ ಬೇರೇನು ಮಾಡಬೇಕಿತ್ತು’ ಎಂಬ ಪ್ರಶ್ನೆಗೆ ಇದನ್ನು ಪೂರ್ತಿ ಉತ್ತರವಾಗಿ ಕೊಡಬೇಡಿ. ಇಲ್ಲಿ ಹತ್ಯೆ ನಡೆಸಿದ ತಂಡದವರು ನಮ್ಮ ಪೊಲೀಸರ ಕೈಗೆಟಕುವಲ್ಲಿದ್ದರು, ಬಿನ್ ಲಾಡೆನ್ ಇರಲಿಲ್ಲ.

ಐದು ನಿಮಿಷವನ್ನು ಹೀಗೆ ಹಂಚಿ. ಮೊದಲ ನಿಮಿಷ: ಕೊಲೆ ಕೊಲೆಯೇ, ನೈರೋಬಿ ಮತ್ತು ನ್ಯೂಯಾರ್ಕ್ ಎರಡರಲ್ಲೂ, ಆತ್ಮರಕ್ಷಣೆಯ ಹಕ್ಕೂ ಇತ್ತು ಎಂದು ಒಪ್ಪಿಕೊಳ್ಳಿ. ಮುಂದಿನ ಒಂದು ನಿಮಿಷ ಪ್ರತೀಕಾರ ಬೇರೆ, ಆತ್ಮರಕ್ಷಣೆ ಬೇರೆ ಎಂಬುದಕ್ಕೆ. ಎರಡು ನಿಮಿಷ ಸೆಪ್ಟೆಂಬರ್ 18ರ ಅನುಮತಿಯಿಂದ 2021ರವರೆಗಿನ ದಾರಿಗೆ. ಉಳಿದದ್ದರಲ್ಲಿ 2004ರ ವಿಡಿಯೋ. ಬರೆದ ಮೇಲೆ ಹಾಳೆಯಲ್ಲಿ ‘ಆದ್ದರಿಂದ’ ಎಲ್ಲೆಲ್ಲಿದೆ ಎಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅದರ ಹಿಂದೆ ಉದ್ದೇಶ, ಮುಂದೆ ಹಕ್ಕು ಇದ್ದರೆ ಆ ಸಾಲನ್ನೇ ಹೊಡೆದುಹಾಕಿ. ಆಮೇಲೆ ಯಾರಾದರೂ ಎದ್ದು ಕೆನ್ಯಾದವರು ಏನು ಮಾಡಿದ್ದರು ಎಂದು ಕೇಳಿದರೆ, ‘ಏನೂ ಮಾಡಿರಲಿಲ್ಲ, ಅದನ್ನು ಮೊದಲ ನಿಮಿಷದಲ್ಲೇ ಹೇಳಿದ್ದೇನೆ’ ಎಂದು ಹೇಳಿ ಕುಳಿತುಕೊಳ್ಳಿ.