ರೋಮನ್ನರ ಸೇತುವೆಗಳು ಎರಡು ಸಾವಿರ ವರ್ಷಗಳ ನೆರೆಯನ್ನು ತಾಳಿಕೊಂಡದ್ದು ಹೇಗೆ?

ರೋಮ್ ನಗರದಲ್ಲೇ ಟೈಬರ್ ನದಿಯ ಮೇಲಿರುವ ಫ್ಯಾಬ್ರಿಕಿಯಸ್ ಸೇತುವೆಯನ್ನು ಗಮನಿಸಿದರೆ ಇದಕ್ಕೆ ಉತ್ತರ ಬಹುಮಟ್ಟಿಗೆ ಸಿಗುತ್ತದೆ. ರಸ್ತೆಗಳ ಮೇಲ್ವಿಚಾರಕನಾಗಿದ್ದ ಲೂಸಿಯಸ್ ಫ್ಯಾಬ್ರಿಕಿಯಸ್ ಕ್ರಿ.ಪೂ. 62ರಲ್ಲಿ ಕಟ್ಟಿಸಿದ ಈ ಸೇತುವೆ ನದಿಯ ಎಡದಂಡೆಯನ್ನು ನಡುಗಡ್ಡೆಗೆ ಜೋಡಿಸುತ್ತದೆ. ಜನ ಇಂದಿಗೂ ಅದರ ಮೇಲೆ ನಡೆದಾಡುತ್ತಾರೆ. ಸುಮಾರು 62 ಮೀಟರ್ ಉದ್ದಕ್ಕೆ ಇರುವುದು ಎರಡೇ ದೊಡ್ಡ ಕಮಾನುಗಳಾದ್ದರಿಂದ, ಪ್ರವಾಹಕ್ಕೆ ನಟ್ಟನಡುವೆ ಅಡ್ಡಬರುವ ಕಂಬ ಒಂದೇ. ಆ ಕಂಬದ ಮೇಲ್ಭಾಗದಲ್ಲೂ ಕಮಾನಿನ ಆಕಾರದ ಚಿಕ್ಕ ಕಿಂಡಿಯೊಂದನ್ನು ಬಿಟ್ಟಿದ್ದಾರೆ: ಸಾಮಾನ್ಯ ದಿನಗಳಲ್ಲಿ ಅದು ಬರೀ ಅಲಂಕಾರದಂತೆ ಕಂಡರೂ, ನೆರೆ ಉಕ್ಕಿದಾಗ ನೀರು ಅದರೊಳಗಿಂದಲೂ ಹರಿದುಹೋಗುವುದರಿಂದ ಕಟ್ಟಡದ ಮೇಲಿನ ಒತ್ತಡ ತಗ್ಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಸೇತುವೆಯ ಜಾಣ್ಮೆ ಇರುವುದು ಈ ಕಿಂಡಿಯಲ್ಲಿಯೇ.

ಹಾಗೆಂದು ರೋಮನ್ನರು ಕಟ್ಟಿದ್ದೆಲ್ಲ ಉಳಿದಿದೆ ಎಂದು ತಿಳಿಯಬಾರದು. ಸ್ಪೇನಿನ ಅಲ್ಕಾಂತಾರಾದಲ್ಲಿ ಟೇಗಸ್ ನದಿಯನ್ನು ದಾಟಿಸುವ, ಟ್ರೇಜನ್ ಚಕ್ರವರ್ತಿಯ ಕಾಲದ ಆರು ಕಮಾನುಗಳ ಸೇತುವೆ ನೀರಿಗಿಂತ ಹೆಚ್ಚಾಗಿ ಯುದ್ಧಗಳಿಂದ ಜಖಂಗೊಂಡು, ದುರಸ್ತಿಯಾಗಿ ನಿಂತಿದೆ. ಇನ್ನು ಫ್ಯಾಬ್ರಿಕಿಯಸ್ ಸೇತುವೆಯಿಂದ ಕೂಗಳತೆಯ ದೂರದಲ್ಲಿ, ಅದೇ ಟೈಬರ್ ನದಿಯಲ್ಲಿದ್ದ ಎಮಿಲಿಯಸ್ ಸೇತುವೆಯ ಅರ್ಧಭಾಗ 1598ರ ಪ್ರವಾಹದಲ್ಲಿ ಕೊಚ್ಚಿಹೋಯಿತು; ಈಗ ಹೊಳೆಯ ನಡುವೆ ಅದರ ಒಂಟಿ ಕಮಾನು ಮಾತ್ರ ಕಾಣುತ್ತದೆ.