ಅಪ್ಪನ ಕೆರ್‍ಯಾಗಿನ ಗುಳ್ಳಿ

ಪ್ರಶ್ನೆ: ಸರ, ನಮ್ಮ ಕರಿ ಭೂಮಿ ಲಾವಾದಿಂದ ಆಗ್ಯಾದ ಅಂತ ಸಾಲ್ಯಾಗ ಕಲ್ತೀನಿ. ಬ್ಯಾಸಗಿ ಸಂಜಿಮುಂದ ಅಪ್ಪನ ಕೆರಿ ದಂಡಿಗೆ ಕುಂತ್ರ ಕೆಸರಿನಿಂದ ಗುಳ್ಳಿ ಬರ್ತಾವ. ಆಫ್ರಿಕಾದಾಗ ಕೆರಿ ಗ್ಯಾಸ್ ಬಿಟ್ಟು ಮಂದಿ ಸತ್ತಿದ್ದು ವಿಡಿಯೋದಾಗ ನೋಡ್ದೆ. ನಮ್ಮ ಕೆರಿಗೂ ಅದೇ ಗ್ಯಾಸ್ ಅದ ಏನ್ರಿ? — ಒಬ್ಬ ಓದುಗ, ಕಲಬುರಗಿ

ಉತ್ತರ: ಇಲ್ರಿ, ಆರಾಮ ಕುಂಡ್ರಿ. ನಮ್ಮ ಕಡಿ ಲಾವಾ ಹರಿದು ಸುಮಾರು 6.6 ಕೋಟಿ ವರ್ಷ ಆಯ್ತು, ಆ ಒಲಿ ಯಾವಾಗೋ ಆರ್‍ಯಾದ. ನೀವು ನೋಡಿದ ಗುಳ್ಳಿ ಕೆಸರಿನ್ಯಾಗ ಎಲಿ, ಪಾಚಿ ಕೊಳತು ಹುಟ್ಟೋ ಮೀಥೇನ್ ಇರ್ತದ, ಗೋಬರ್ ಗ್ಯಾಸಿನ ತಮ್ಮ ಅನ್ರಿ.

ನೀವು ನೋಡಿದ್ದು ಕ್ಯಾಮರೂನಿನ ನ್ಯೋಸ್ ಸರೋವರ ಇರಬೇಕು. ಅಲ್ಲಿ ಕೆಳಗಿನ ಮ್ಯಾಗ್ಮಾದಿಂದ (ನೆಲದೊಳಗಿನ ಕರಗಿದ ಕಲ್ಲು) ಕಾರ್ಬನ್ ಡೈಆಕ್ಸೈಡ್ ಸಣ್ಣಗ ಜಿನುಗಿ ತಳದ ನೀರಿನ್ಯಾಗ ಕರಗ್ತದ, 200 ಮೀಟರ್ ಆಳದ ಒತ್ತಡಕ್ಕ ಗುಳ್ಳಿನೂ ಆಗಂಗಿಲ್ಲ, ಮತ್ತ ಗ್ಯಾಸ್ ಕರಗಿದ ನೀರು ಭಾರ ಆಗಿ ತಳಾನ ಹಿಡಿದು ಕೂಡ್ತದ, ಮ್ಯಾಲಿನ ನೀರಿನ ಜೋಡಿ ಬೆರೆಯೋದೇ ಇಲ್ಲ. ಮುಚ್ಚಳ ಹಾಕಿದ ಸೋಡಾ ಬಾಟ್ಲಿ. 1986ರ ಆಗಸ್ಟ್ 21ರ ರಾತ್ರಿ ಆ ನೀರು ಬುಸ್ ಅಂತ ಮ್ಯಾಲ ಬಂತು, ಗಾಳಿಗಿಂತ ಒಂದೂವರಿ ಪಟ್ಟು ಭಾರದ ಗ್ಯಾಸು ಕಣಿವಿ ಹಿಡಿದು ಇಳಿದು ಮಲಗಿದ್ದ 1,700ಕ್ಕಿಂತ ಹೆಚ್ಚು ಮಂದೀನ್ನ ಉಸಿರುಗಟ್ಟಿಸ್ತು. ತಳದ ಗ್ಯಾಸ್ ಸಣ್ಣಗ ಹೊರಗ ಬಿಡಲಾಕ 2001ರಾಗ ತಳಕ್ಕ ಪೈಪ್ ಇಳಿಸಿದ್ರು, ಶುರುವಿಗಷ್ಟ ಪಂಪ್ ಬೇಕು, ಆಮ್ಯಾಲ ಗ್ಯಾಸಿನ ಜೋರಿಗೇ ಕಾರಂಜಿ ಹಾರ್ತದ, ಕರೆಂಟ್ ಬಿಲ್ಲೇ ಇಲ್ಲ!

ನಮ್ಮ ಕೆರಿಗಳಿಗೆ ಅಷ್ಟು ಆಳ ಎಲ್ಲಿಂದ ಬರಬೇಕ್ರಿ, ಗಾಳಿ ಬೀಸಿದ್ರ ತಳಮಟ ಕಲಕ್ತಾವ, ಹುಟ್ಟಿದ ಗ್ಯಾಸ್ ಅವತ್ತಿಂದವತ್ತ ಹೊರಗ.

ನನಗ ಇದಕ್ಕಿಂತ ಮಜಾ ಅನಸೋದು ಕಿವು ಸರೋವರ, ರುವಾಂಡಾ ಮತ್ತ ಕಾಂಗೋ ನಡುವ ಅದ. ಅಲ್ಲಿ ಆಕ್ಸಿಜನ್ ಇಲ್ಲದ ತಳದಾಗ ಇರೋ ಸೂಕ್ಷ್ಮಜೀವಿಗಳು ಜ್ವಾಲಾಮುಖಿಯ ಕಾರ್ಬನ್ ಡೈಆಕ್ಸೈಡಿನ ಒಂದು ಪಾಲನ್ನ ಮೀಥೇನ್ ಮಾಡ್ತಾವ, ಕೊಳೆತ ಪಾಚಿಯಿಂದನೂ ಒಂದಿಷ್ಟು ಬರ್ತದ, ರುವಾಂಡಾದವರು ಅದನ್ನ ಮ್ಯಾಲ ಎಳೆದು ಕರೆಂಟ್ ತಯಾರ ಮಾಡ್ತಾರ. ಅಂದ್ರ ನೆಲದ ಹೊಟ್ಟಿಯ ಕಾರ್ಬನ್ ನೀರಿಗೆ ಬಂದು, ಜೀವಿಗಳ ಬಾಯಿಗೆ ಬಿದ್ದು, ಕಡಿಗೆ ಯಾರದೋ ಮನಿ ಬಲ್ಬಿಗೆ ಹೋಗ್ತದ.

ಇನ್ನೊಂದು ಮಾತು. ಕಾರ್ಬನ್-14 ಅಂದ್ರ ವರ್ಷ ಕಳದಂಗ ಕಮ್ಮಿ ಆಗೋ ಒಂದು ಜಾತಿ ಕಾರ್ಬನ್, ಅದು ಎಷ್ಟು ಉಳದದ ಅಂತ ನೋಡಿ ಲ್ಯಾಬಿನವರು ವಯಸ್ಸು ಹೇಳ್ತಾರ. ಜ್ವಾಲಾಮುಖಿ ಕಾರ್ಬನ್ ಭಾಳ ಹಳೀದು, ಅದರಾಗ ಕಾರ್ಬನ್-14 ಇರಂಗಿಲ್ಲ. ಇಂಥ ನೀರಿನ ಪಾಚಿ ಆ ಹಳೇ ಕಾರ್ಬನ್ನನ್ನೇ ತಿಂತದ, ಪಾಚೀನ್ನ ಮೀನು ತಿಂತದ. ಹಿಂಗಾಗಿ ಇವತ್ತು ಬಲಿಗೆ ಬಿದ್ದ ಮೀನನ್ನ ಲ್ಯಾಬಿಗೆ ಕೊಟ್ರ ಸಾವಿರಾರು ವರ್ಷದ ಮುದುಕ ಅಂತ ರಿಪೋರ್ಟ್ ಬಂದ್ರೂ ಬರಬಹುದು.