ಓದುಗರ ಪ್ರಶ್ನೆ: ಹೆಸರು ಬದಲಿಸಿದ ಪುಟ್ಟ ಹಡಗು

ಪ್ರಶ್ನೆ: ನೂರು ಚಿಲ್ಲರೆ ಜನರನ್ನಷ್ಟೇ ಹತ್ತಿಸಿಕೊಳ್ಳುವ ‘ಸೀಡ್ರೀಮ್ 1’ ಎಂಬ ಐಷಾರಾಮಿ ಹಡಗಿಗೆ ಮೊದಲು ಬೇರೆ ಹೆಸರಿತ್ತೇ? ಅಷ್ಟು ಚಿಕ್ಕದಾಗಿ ಕಟ್ಟಿದ್ದೇಕೆ?
— ಓದುಗರೊಬ್ಬರು, ವಿಜಯಪುರ

ಉತ್ತರ: ಒಂದಲ್ಲ, ಎರಡು ಹೆಸರುಗಳಿದ್ದವು. ನಾರ್ವೆಯ ಕಂಪನಿಯೊಂದಕ್ಕಾಗಿ ಹೆಲ್ಸಿಂಕಿಯ ವಾರ್ಟ್ಸಿಲಾ ಸಂಸ್ಥೆಯು 1984ರಲ್ಲಿ ‘ಸೀ ಗಾಡೆಸ್ 1’ ಎಂಬ ಹೆಸರಿನಲ್ಲಿ ಇದನ್ನೂ, ಮರುವರ್ಷ ಇದರ ಜೋಡಿ ಹಡಗನ್ನೂ ನಿರ್ಮಿಸಿಕೊಟ್ಟಿತು. ಸಿರಿವಂತರ ಖಾಸಗಿ ವಿಹಾರನೌಕೆಯ ಸುಖವನ್ನು ಟಿಕೆಟ್ ಕೊಂಡವರಿಗೂ ಒದಗಿಸುವುದು ಆ ನಾರ್ವೆ ಕಂಪನಿಯ ಉದ್ದೇಶವಾಗಿತ್ತು. ಸುಮಾರು 105 ಮೀಟರ್ ಉದ್ದದ ಈ ಹಡಗು ದೊಡ್ಡ ಹಡಗುಗಳು ಹೊಗಲಾರದ ಬಂದರುಗಳಿಗೂ ಹೋಗಬಲ್ಲದು. ಲಂಗರು ಹಾಕಿದಾಗ ಅದರ ಹಿಂಬದಿಯಲ್ಲಿ ನೀರಿನ ಮಟ್ಟಕ್ಕೇ ಒಂದು ಜಗಲಿ ತೆರೆದುಕೊಳ್ಳುವುದರಿಂದ ಪ್ರಯಾಣಿಕರು ಅಲ್ಲಿಂದಲೇ ಸಮುದ್ರಕ್ಕಿಳಿದು ಈಜುತ್ತಾರೆ. ಆಲಮಟ್ಟಿಯ ದೋಣಿವಿಹಾರದಲ್ಲೇ ತೃಪ್ತರಾದ ನಮ್ಮ ಕಡೆಯವರಿಗೆ ಇದು ಅತಿಯಾಯಿತು ಎನಿಸಿದರೆ ಆಶ್ಚರ್ಯವಿಲ್ಲ.

ಕಲ್ಪನೆ ಸೊಗಸಾಗಿತ್ತು, ಆದರೆ ಲೆಕ್ಕ ಕೂಡಿಬರಲಿಲ್ಲ. 1986ರಲ್ಲೇ ಎರಡೂ ಹಡಗುಗಳು ಬ್ರಿಟನ್ನಿನ ಕುನಾರ್ಡ್ ಕಂಪನಿಯ ಕೈಸೇರಿದವು. 1998ರಲ್ಲಿ ಕುನಾರ್ಡನ್ನು ಕಾರ್ನಿವಲ್ ಸಂಸ್ಥೆ ಕೊಂಡ ಬಳಿಕ ಅವು ಸೀಬೋರ್ನ್ ಎಂಬ ವಿಹಾರ ಹಡಗು ಕಂಪನಿಯ ಬಳಗಕ್ಕೆ ಸೇರಿ ‘ಸೀಬೋರ್ನ್ ಗಾಡೆಸ್’ ಎನಿಸಿಕೊಂಡವು. 2001ರಲ್ಲಿ ಅವುಗಳನ್ನು ಕೊಂಡು ಇಂದಿನ ಹೆಸರಿಟ್ಟವರು ನಾರ್ವೆಯ ಆಟ್ಲೆ ಬ್ರೂನೆಸ್ಟಾಡ್; ಸೀಬೋರ್ನ್ ಕಂಪನಿಯನ್ನು ಹಿಂದೆ ಸ್ಥಾಪಿಸಿದವರೂ ಅವರೇ.